ಥ್ರೆಡ್ ಹೋಯಿತೆಂದು ಲೇತನ್ನು ಗುಜರಿಗೆ ಹಾಕಬೇಡಿ

ಸಂಪಾದಕರಿಗೆ,

ಮಾನ್ಯರೇ,

1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು (ಲೋಹವನ್ನು ತಿರುಗಿಸುತ್ತಾ ಕೊಯ್ಯುವ ಯಂತ್ರಗಳು), 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿಯ ಲೇತ್‌ಗಳು ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಇನ್ನೂ ದುಡಿಯುತ್ತಿವೆ. ಅವುಗಳ ಬೀಡು (ಎರಕದ ಕಬ್ಬಿಣ) ಗಟ್ಟಿ, ಗೇರ್‌ಗಳು ಗಟ್ಟಿ. ಆದರೂ ಇಂಥ ಯಂತ್ರಗಳು ಒಂದೊಂದಾಗಿ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಯಾಕೆಂದು ಕೇಳಿದರೆ ಸಿಗುವ ಉತ್ತರ ಬಹುಪಾಲು ಎರಡೇ: ‘ಕ್ರಾಸ್ ಸ್ಲೈಡ್‌ನಲ್ಲಿ ಆಟ ಜಾಸ್ತಿಯಾಗಿದೆ’, ‘ಬೋಲ್ಟ್ ನಿಲ್ಲುತ್ತಿಲ್ಲ’. (ಕ್ರಾಸ್ ಸ್ಲೈಡ್ ಎಂದರೆ ಟೂಲನ್ನು ಅಡ್ಡಕ್ಕೆ ಸರಿಸುವ ಭಾಗ; ಆಟ ಎಂದರೆ ಸಡಿಲ.) ಎರಡೂ ಥ್ರೆಡ್ಡಿನ, ಅಂದರೆ ಸ್ಕ್ರೂವಿನ ಸುರುಳಿ ಗೆರೆಗಳ, ರೋಗ. ಎರಡಕ್ಕೂ ಮದ್ದು ಅದೇ ವರ್ಕ್‌ಶಾಪಿನಲ್ಲೋ, ಪಕ್ಕದ ವರ್ಕ್‌ಶಾಪಿನ ಲೇತಿನಲ್ಲೋ ಸಿಗುತ್ತದೆ. ಕೆಡುತ್ತಿರುವುದು ಅವಸರದ ರಿಪೇರಿಯಿಂದ. ಅದಕ್ಕಾಗಿ ಈ ಪತ್ರ ಸ್ವಲ್ಪ ಉದ್ದವಾಗಿದೆ; ಮನ್ನಿಸಿ.

ಥ್ರೆಡ್ ಯಾಕೆ ಹೋಯಿತೆಂದು ತಿಳಿಯದೆ ಹೊಸ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹೊಡೆದರೆ ಅದೂ ಅದೇ ದಾರಿ ಹಿಡಿಯುತ್ತದೆ. ನಮ್ಮಲ್ಲಿ ಅತಿ ಹೆಚ್ಚು ಕಾಣುವ ಕಾರಣ ಇಂಚಿನ ಬೋಲ್ಟು, ಮಿಲಿಮೀಟರ್ ಬೋಲ್ಟುಗಳ ಬೆರಕೆ. ಎರಡೂವರೆ ನೂಲಿನ ಬೋಲ್ಟ್, ಅಂದರೆ 5/16 ಇಂಚು, 7.94 ಮಿ.ಮೀ. ದಪ್ಪ. ಎಂ8 ಬೋಲ್ಟ್ 8 ಮಿ.ಮೀ. ಕೈಯಲ್ಲಿ ಹಿಡಿದರೆ ಎರಡೂ ಒಂದೇ. ಆದರೆ ಇಂಚಿನದ್ದಕ್ಕೆ ಇಂಚಿಗೆ 18 ಸುತ್ತು, ಪಿಚ್ (ಒಂದು ಸುತ್ತಿನಿಂದ ಮುಂದಿನದಕ್ಕಿರುವ ದೂರ) 1.41 ಮಿ.ಮೀ.; ಎಂ8ಕ್ಕೆ 1.25. ಹತ್ತು ಮಿಲಿಮೀಟರ್ ಉದ್ದದಲ್ಲಿ ಒಂದಕ್ಕೆ 7 ಸುತ್ತು, ಇನ್ನೊಂದಕ್ಕೆ 8. ತಪ್ಪು ಬೋಲ್ಟ್ ಎರಡು ಮೂರು ಸುತ್ತು ಕೈಯಲ್ಲೇ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ‘ತುಕ್ಕು ಇರಬೇಕು’ ಎಂದು ಸ್ಪ್ಯಾನರ್ ಹಾಕಿ ತಿರುಗಿಸಿದ ಕ್ಷಣದಲ್ಲಿ ಬೀಡಿನ ಥ್ರೆಡ್ ಪುಡಿಯಾಗಿ ಉದುರುತ್ತದೆ. ಮೂರು ನೂಲಿನ ಬೋಲ್ಟ್ (9.53 ಮಿ.ಮೀ., ಪಿಚ್ 1.59) ಮತ್ತು ಎಂ10ರ (ಪಿಚ್ 1.5) ನಡುವೆಯೂ ಇದೇ ಮೋಸ, ಅಲ್ಲಿ ವ್ಯತ್ಯಾಸ ಇನ್ನೂ ಕಡಿಮೆ ಇರುವುದರಿಂದ ಇನ್ನೂ ನಾಲ್ಕು ಸುತ್ತು ಒಳಗೆ ಹೋಗಿ ಕೆಡಿಸುತ್ತದೆ. ಹಳೆಯ ಬ್ರಿಟಿಷ್ ಲೇತ್‌ಗಳ ಥ್ರೆಡ್ ವಿಟ್‌ವರ್ತ್, ಕೋನ 55 ಡಿಗ್ರಿ. ಅಮೆರಿಕದ ಯುಎನ್‌ಸಿ ಮತ್ತು ಮೆಟ್ರಿಕ್‌ಗೆ 60 ಡಿಗ್ರಿ. ಅರ್ಧ ಇಂಚಿನಲ್ಲಂತೂ ವಿಟ್‌ವರ್ತ್‌ಗೆ 12 ಸುತ್ತು, ಯುಎನ್‌ಸಿಗೆ 13. ಆದ್ದರಿಂದ ಥ್ರೆಡ್ ಗೇಜನ್ನು ಎಲೆ ಎಲೆಯಾಗಿ ಇಟ್ಟು, ಬೆಳಕಿಗೆ ಹಿಡಿದು, ಸಂದಿಯಲ್ಲಿ ಬೆಳಕು ಕಾಣುತ್ತದೆಯೇ ನೋಡದೆ ಯಾವ ಹಳೆಯ ಯಂತ್ರಕ್ಕೂ ಬೋಲ್ಟ್ ಹಾಕಬಾರದು.

ಟೂಲನ್ನು ಹಿಡಿದಿಡುವ ಟೂಲ್‌ಪೋಸ್ಟಿನ ಕಥೆ ಬೇರೆ. ಅಲ್ಲಿ ಟೂಲನ್ನು ಅದುಮುವ ಚೌಕ ತಲೆಯ ಬೋಲ್ಟಿನ ತುದಿ ನೇರವಾಗಿ ಟೂಲಿನ ಮೇಲೆ ಕೂರುತ್ತದೆ. ಬೋಲ್ಟ್ ಮೆದುವಾಗಿದ್ದರೆ, ಅದರ ಮೇಲೆ ಪೈಪ್ ಹಾಕಿ ಬಿಗಿಯುವ ಅಭ್ಯಾಸವೂ ಸೇರಿದರೆ, ತುದಿ ಅಣಬೆಯಂತೆ ಅರಳುತ್ತದೆ. ಆ ಅಣಬೆ ಥ್ರೆಡ್ಡಿಗಿಂತ ಅಗಲ. ಬೋಲ್ಟನ್ನು ಮೇಲಕ್ಕೆ ಬಿಚ್ಚಿದಂತೆ ಅದು ತೂತಿನ ಥ್ರೆಡ್ಡನ್ನು ಕೆರೆದುಕೊಂಡೇ ಬರುತ್ತದೆ. ಬಿಚ್ಚುವಾಗ ಬೋಲ್ಟ್ ಬಿಗಿಯಾದರೆ ಅಲ್ಲೇ ನಿಲ್ಲಿಸಿ. ಟೂಲನ್ನು ತೆಗೆದು ಬೋಲ್ಟನ್ನು ಕೆಳಕ್ಕೇ ಇಳಿಸಿ, ಟೂಲ್ ಕೂರುವ ಸಂದಿಯಲ್ಲಿ ಇಣುಕುವ ಅರಳಿದ ಭಾಗವನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು, ಅಂಚನ್ನು ಅರದಿಂದ ಉಜ್ಜಿ, ಆಮೇಲೆ ಬಿಚ್ಚಿ. ಹತ್ತು ನಿಮಿಷದ ಈ ಕೆಲಸ ಇಡೀ ಟೂಲ್‌ಪೋಸ್ಟನ್ನು ಉಳಿಸುತ್ತದೆ. ಹೊಸ ಬೋಲ್ಟನ್ನು ಇಎನ್‌8 ಎಂಬ ಉಕ್ಕಿನ ಸರಳಿನಲ್ಲಿ ಮಾಡಿ. ಎಂ12 ಆದರೆ ತುದಿಯ 4 ಮಿ.ಮೀ. ಉದ್ದವನ್ನು 9.5 ಮಿ.ಮೀ.ಗೆ ಇಳಿಸಿ. ಆಗ ತುದಿ ಸ್ವಲ್ಪ ಅರಳಿದರೂ ಥ್ರೆಡ್ಡಿನ ಬುಡಕ್ಕಿಂತ ಒಳಗೇ ಇರುತ್ತದೆ. ತುದಿಯನ್ನಷ್ಟೇ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಹೊಳಪಾಗಿಸಿ, ನೀಲಿ ಬಣ್ಣ ಬರುವವರೆಗೆ ಮತ್ತೆ ಹದವಾಗಿ ಕಾಯಿಸಿ. ಈ ಎರಡನೆಯ ಕಾಯಿಸುವಿಕೆ ಬಿಟ್ಟರೆ ತುದಿ ಬಿರುಸಾಗಿ ಚೂರಾಗುತ್ತದೆ.

ತೂತಿನ ಥ್ರೆಡ್ ಆಗಲೇ ಹೋಗಿದ್ದರೆ ಮೂರು ದಾರಿಗಳಿವೆ. ಸುತ್ತ ಲೋಹ ಸಾಕಷ್ಟಿದ್ದರೆ ಒಂದು ಅಳತೆ ಮೇಲೆ ಹೋಗುವುದು ಸುಲಭ: ಎಂ8ರ ತೂತನ್ನು 8.5 ಡ್ರಿಲ್ಲಿನಿಂದ ಅಗಲಿಸಿ ಎಂ10 ಟ್ಯಾಪ್, ಎಂ10ರದ್ದನ್ನು 10.2ರಿಂದ ಅಗಲಿಸಿ ಎಂ12. ಬೀಡಿನಲ್ಲಿ ಥ್ರೆಡ್ ಹಿಡಿಯುವ ಆಳ ಬೋಲ್ಟಿನ ದಪ್ಪದ ಒಂದೂವರೆ ಪಟ್ಟಾದರೂ ಇರಲಿ. ಉಕ್ಕಿನಲ್ಲಿ ಒಂದು ಪಟ್ಟು ಸಾಕು. ಬೀಡಿಗೆ ಟ್ಯಾಪ್ ಹೊಡೆಯುವಾಗ ಎಣ್ಣೆ ಹಾಕಬೇಡಿ. ಬೀಡಿನ ಪುಡಿ ಎಣ್ಣೆಯಲ್ಲಿ ಕಲಸಿ ರುಬ್ಬಿದ ಹಿಟ್ಟಿನಂತಾಗಿ ಟ್ಯಾಪನ್ನು ಹಿಡಿಯುತ್ತದೆ. ಒಣಗಿಯೇ ಹೊಡೆಯಿರಿ, ಹೆಚ್ಚೆಂದರೆ ಸೀಮೆಎಣ್ಣೆ.

ಅಳತೆ ಬದಲಿಸುವಂತಿಲ್ಲ, ಅದೇ ಬೋಲ್ಟ್ ಬೇಕು ಎಂದರೆ ಹೆಲಿಕಾಯಿಲ್. ಇದು ಸ್ಟೇನ್‌ಲೆಸ್ ತಂತಿಯ ಸುರುಳಿ. ಇದಕ್ಕೆ ಮಾಮೂಲಿ ಟ್ಯಾಪ್ ಆಗುವುದಿಲ್ಲ. ಅದರದೇ ಎಸ್‌ಟಿಐ ಟ್ಯಾಪ್ ಬೇಕು, ಪಿಚ್ ಅದೇ, ದಪ್ಪ ಮಾತ್ರ ಹೆಚ್ಚು. ಎಂ8ಕ್ಕೆ 8.3 ಅಥವಾ 8.4, ಎಂ10ಕ್ಕೆ 10.4, ಎಂ12ಕ್ಕೆ 12.5 ಡ್ರಿಲ್. ಸುರುಳಿ ಮೇಲ್ಮೈಯಿಂದ ಕಾಲು ಅಥವಾ ಅರ್ಧ ಸುತ್ತು ಕೆಳಗೆ ಕೂರಬೇಕು. ಮೇಲೆ ಉಳಿದರೆ ಬೋಲ್ಟ್ ಅದನ್ನೇ ಎತ್ತಿಕೊಂಡು ಬರುತ್ತದೆ. ಕೂರಿಸಿದ ಮೇಲೆ ತಳದ ನಾಲಿಗೆಯನ್ನು ಪಂಚಿನಿಂದ ಮುರಿದು, ಚೂರನ್ನು ತೂತಿನಿಂದ ಹೊರಗೆ ತೆಗೆಯುವುದನ್ನು ಮರೆಯಬೇಡಿ. ಗಾರ್ಡು, ಮೋಟಾರಿನ ತಳ, ಏಪ್ರನ್‌ನಂಥ ಅಪರೂಪಕ್ಕೆ ಬಿಚ್ಚುವ ಜಾಗಕ್ಕೆ ಹೆಲಿಕಾಯಿಲ್ ಚೆನ್ನ. ದಿನಕ್ಕೆ ಇಪ್ಪತ್ತು ಸಲ ಬಿಗಿದು ಬಿಚ್ಚುವ ಟೂಲ್‌ಪೋಸ್ಟಿಗೆ ನಾವು ಅದನ್ನು ಒಪ್ಪುವುದಿಲ್ಲ. ಚಿಪ್ಸು, ಧೂಳು ಸೇರಿ ಒಂದು ದಿನ ಸುರುಳಿ ಬೋಲ್ಟಿನ ಜೊತೆ ಹೊರಗೆ ಬರುತ್ತದೆ.

ಅಂಥ ಜಾಗಕ್ಕೆ ಗಟ್ಟಿ ಬುಷ್. ಕೆಟ್ಟ ಎಂ8 ತೂತನ್ನು ಅಗಲಿಸಿ, ದೊಡ್ಡ ಥ್ರೆಡ್ ಹಾಕಿ, ಹೊರಗೆ ಥ್ರೆಡ್ ಇರುವ ಮೈಲ್ಡ್ ಸ್ಟೀಲಿನ ಗುಂಡು ತುಂಡನ್ನು (ಇದೇ ಬುಷ್) ತಿರುಗಿಸಿ ಕೂರಿಸಿ, ಅದರ ನಡುವೆ 6.8 ಡ್ರಿಲ್ ಹೊಡೆದು ಮತ್ತೆ ಎಂ8 ಟ್ಯಾಪ್ ಹಾಕುವುದು. ಎಲ್ಲರೂ ಕೈಗೆ ಸಿಗುವ ಎಂ12×1.75 (12 ಮಿ.ಮೀ. ದಪ್ಪ, 1.75 ಪಿಚ್) ಟ್ಯಾಪಿಗೇ ಹೋಗುತ್ತಾರೆ. ಹಾಗೆ ಮಾಡಿದರೆ ಒಳಗಿನ, ಹೊರಗಿನ ಥ್ರೆಡ್‌ಗಳ ನಡುವೆ ಉಳಿಯುವ ಗೋಡೆ ಬರೀ 1 ಮಿ.ಮೀ. ಎಂ14×1.5 ತೆಗೆದುಕೊಂಡರೆ (ಡ್ರಿಲ್ 12.5) ಗೋಡೆ 2 ಮಿ.ಮೀ. ದಾಟುತ್ತದೆ, ನಾಲ್ಕು ಜನರ ಬಳಿ ಕೇಳಿ ತಂದಾದರೂ ಈ ಟ್ಯಾಪನ್ನೇ ಬಳಸಿ. ಎರಡೂ ಥ್ರೆಡ್‌ಗಳನ್ನು ಅಸಿಟೋನಿನಿಂದ ಎಣ್ಣೆಯ ಪಸೆ ಇಲ್ಲದಂತೆ ತೊಳೆದು, ಲಾಕ್‌ಟೈಟ್ 271 ಅಂಟು ಹಚ್ಚಿ ಕೂರಿಸಿ, 24 ಗಂಟೆ ಬಿಡಿ. ಅದೇ ಸಂಜೆ ಟ್ಯಾಪ್ ಹೊಡೆದರೆ ಗುಂಡು ಟ್ಯಾಪಿನ ಜೊತೆಗೇ ತಿರುಗುತ್ತದೆ. ಇನ್ನೂ ಭದ್ರ ಬೇಕೆಂದರೆ ಸಂದಿನ ಮೇಲೆ, ಅರ್ಧ ಗುಂಡಿನಲ್ಲಿ ಅರ್ಧ ಬೀಡಿನಲ್ಲಿ ಬರುವಂತೆ, 3 ಮಿ.ಮೀ. ಪಿನ್ ಹಾಕುವವರಿದ್ದಾರೆ. ಅಲ್ಲಿ ಡ್ರಿಲ್ ಸಂದಿಯ ಮೇಲೆ ನಿಲ್ಲದೆ ಮೆದುವಾದ ಲೋಹದ ಕಡೆ ಜಾರುತ್ತದೆ. ಸೆಂಟರ್ ಡ್ರಿಲ್ಲಿನಿಂದ ಶುರುಮಾಡಿ, ಕೆಲಸವನ್ನು ಮೇಜಿಗೆ ಬಿಗಿದು, ನಿಧಾನಕ್ಕೆ ಇಳಿಸಬೇಕು.

ಮಾಡಬಾರದ್ದು ವೆಲ್ಡಿಂಗ್. ಬೀಡಿನ ತೂತನ್ನು ಮಾಮೂಲಿ ಎಲೆಕ್ಟ್ರೋಡಿನಿಂದ ತುಂಬಿಸಿ ಮತ್ತೆ ಡ್ರಿಲ್ ಹೊಡೆಯುವ ರೂಢಿ ಊರೂರಿನಲ್ಲೂ ಇದೆ. ಬೀಡಿನಲ್ಲಿ ಇಂಗಾಲ ಹೆಚ್ಚು. ವೆಲ್ಡಿನ ಅಂಚು ಬೇಗ ಆರಿದಾಗ ಅಲ್ಲಿ ಗಾಜಿನಷ್ಟು ಗಡಸಾದ ಬಿಳಿ ಬೀಡು ಹುಟ್ಟುತ್ತದೆ. ಡ್ರಿಲ್ ಅದರ ಮೇಲೆ ಜಾರುತ್ತದೆ, ಟ್ಯಾಪ್ ಮುರಿದು ಒಳಗೇ ಕೂರುತ್ತದೆ, ಕೆಲವು ದಿನಗಳಲ್ಲಿ ಪಕ್ಕದಲ್ಲಿ ಬಿರುಕೂ ಬರುತ್ತದೆ. ಬುಷ್ ಹಾಕಿ ಉಳಿಸಬಹುದಾಗಿದ್ದ ಸ್ಯಾಡಲ್ (ಕ್ರಾಸ್ ಸ್ಲೈಡನ್ನು ಹೊರುವ ಬೀಡಿನ ಭಾಗ) ಅಲ್ಲಿಗೆ ನಿಜವಾಗಿಯೂ ಗುಜರಿ.

ಇನ್ನು ಕ್ರಾಸ್ ಸ್ಲೈಡಿನ ಆಟ. ಈ ಸ್ಲೈಡನ್ನು ಓಡಿಸುವುದು ಹ್ಯಾಂಡಲಿನ ಸ್ಕ್ರೂ ಮತ್ತು ಅದರ ಮೇಲೆ ಕೂರುವ ನಟ್. ಇದರಲ್ಲಿ ಅನೇಕರು ತಪ್ಪು ಭಾಗ ಬದಲಿಸಿ ಹಣ ಕಳೆಯುತ್ತಾರೆ. ಸ್ಲೈಡಿಗೆ ಡಯಲ್ ಗೇಜ್ ತಾಗಿಸಿ, ಹ್ಯಾಂಡಲನ್ನು ಒಳಕ್ಕೆ ತಿರುಗಿಸಿ ನಿಲ್ಲಿಸಿ. ಈಗ ಹಿಂದಕ್ಕೆ ತಿರುಗಿಸುತ್ತಾ ಗೇಜಿನ ಮುಳ್ಳು ಅಲುಗುವವರೆಗೆ ಹ್ಯಾಂಡಲಿನ ಡಯಲ್ ಎಷ್ಟು ಗೆರೆ ಸುಮ್ಮನೆ ಓಡಿತೆಂದು ಬರೆದುಕೊಳ್ಳಿ. ಹೊರತುದಿ, ನಡು, ಒಳತುದಿ ಮೂರು ಕಡೆ ಹೀಗೆ ನೋಡಿ. ಮೂರೂ ಕಡೆ ಒಂದೇ ಲೆಕ್ಕ ಬಂದರೆ ಸ್ಕ್ರೂ ಚೆನ್ನಾಗಿದೆ. ತಪ್ಪು ನಟ್ಟಿನದ್ದು ಅಥವಾ ಸ್ಕ್ರೂವಿನ ಕಾಲರ್ ಕೂರುವ ಜಾಗದ್ದು. ಹ್ಯಾಂಡಲನ್ನು ತಿರುಗಿಸದೆ ಹಿಂದೆ ಮುಂದೆ ಎಳೆದರೆ ಅಲುಗುತ್ತದೆಯೇ? ಹಾಗಾದರೆ ಕಾಲರ್ ಬಳಿಯ ನಟ್ ಬಿಗಿದರೆ ಅಥವಾ ವಾಷರ್ ಬದಲಿಸಿದರೆ ಅರ್ಧ ಆಟ ಅಲ್ಲೇ ಹೋಗುತ್ತದೆ, ಒಂದು ರೂಪಾಯಿಯ ಗನ್‌ಮೆಟಲ್ (ನಟ್ ಮಾಡುವ ತಾಮ್ರದ ಮಿಶ್ರಲೋಹ) ಕೂಡ ಬೇಡ. ನಡುವೆ ಮಾತ್ರ ಆಟ ಹೆಚ್ಚಿದ್ದರೆ ಸ್ಕ್ರೂ ಸವೆದಿದೆ, ಏಕೆಂದರೆ ದಿನದ ಕೆಲಸವೆಲ್ಲ ನಡೆಯುವುದು ಆ ನಡುವಿನಲ್ಲೇ. ಸ್ಕ್ರೂವಿನ ಮೇಲೆ ಹಳದಿ ಪುಡಿ ಕಂಡರೆ ನಟ್ ಉದುರುತ್ತಿದೆ ಎಂದರ್ಥ; ಕಟಿಂಗ್ ಟೂಲ್ ಹಾಕಿ ಕೊಯ್ಯುವಾಗ ಅದು ಕಿತ್ತುಹೋದರೆ ಟೂಲ್ ಕೆಲಸದೊಳಗೆ ನುಗ್ಗುತ್ತದೆ.

ಸ್ಕ್ರೂ ನಡುವೆ ಸವೆದಿರುವಾಗ ಬರೀ ಹೊಸ ನಟ್ ಹಾಕುವುದು ವ್ಯರ್ಥ. ತುದಿಗೆ ಹೊಂದುವಂತೆ ಮಾಡಿದ ನಟ್ ನಡುವೆ ಸಡಿಲ, ನಡುವಿಗೆ ಹೊಂದುವಂತೆ ಮಾಡಿದ್ದು ತುದಿಯಲ್ಲಿ ಹಿಡಿದು ನಿಲ್ಲುತ್ತದೆ. ಸರಿಯಾದ ಕ್ರಮವೆಂದರೆ ಮೊದಲು ಸ್ಕ್ರೂವನ್ನು ಇನ್ನೊಂದು ಲೇತಿನಲ್ಲಿ ಎರಡು ಸೆಂಟರ್‌ಗಳ ನಡುವೆ ಹಿಡಿದು, ಸವೆಯದ ತುದಿಗಳ ಥ್ರೆಡ್ಡನ್ನೂ ನಡುವಿನ ದಪ್ಪಕ್ಕೇ ಇಳಿಸುವುದು. ಆಮೇಲೆ ಆ ಸ್ಕ್ರೂವಿಗೆ ತಕ್ಕಂತೆ ನಟ್ ಮಾಡುವುದು. ಥ್ರೆಡ್ಡಿನ ದಪ್ಪ ಕಾಲು ಭಾಗಕ್ಕಿಂತ ಹೆಚ್ಚು ಸವೆದಿದ್ದರೆ ಮಾತ್ರ ಹೊಸ ಸ್ಕ್ರೂ ಯೋಚಿಸಿ. ಇನ್ನೊಂದು ಲೇತ್ ಯಾಕೆಂದರೆ, ಕ್ರಾಸ್ ಸ್ಲೈಡಿನ ಸ್ಕ್ರೂ ಬಿಚ್ಚಿದ ಮೇಲೆ ನಿಮ್ಮ ಲೇತಿನಲ್ಲಿ ಕಟ್ ಕೊಡಲು ಏನೂ ಉಳಿದಿರುವುದಿಲ್ಲ. ಒಂದೇ ಲೇತ್ ಇರುವವರು ನೆರೆಯ ವರ್ಕ್‌ಶಾಪಿನೊಡನೆ ಮೊದಲೇ ಮಾತಾಡಿಕೊಂಡು ಬಿಚ್ಚಬೇಕು.

ನಟ್ ಮಾಡುವ ಲೆಕ್ಕಕ್ಕೆ ಟಿಆರ್ 20×4 (20 ಮಿ.ಮೀ. ದಪ್ಪ, 4 ಪಿಚ್‌ನ ಟ್ರಪೆಜಾಯ್ಡಲ್ ಥ್ರೆಡ್) ಸ್ಕ್ರೂವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಥ್ರೆಡ್ಡಿನ ಕೋನ 30 ಡಿಗ್ರಿ. (ಹಳೆಯ ಇಂಚಿನ ಲೇತ್‌ಗಳಲ್ಲಿ ಆಕ್ಮೆ ಥ್ರೆಡ್, 29 ಡಿಗ್ರಿ. ಒಂದೇ ಡಿಗ್ರಿ ಎಂದು ಒಂದರ ಟೂಲನ್ನು ಇನ್ನೊಂದಕ್ಕೆ ಬಳಸಿದರೆ ನಟ್ ಅಂಚಿನಲ್ಲಷ್ಟೇ ಕೂತು ತಿಂಗಳೊಳಗೆ ಸಡಿಲವಾಗುತ್ತದೆ.) ಫಾಸ್ಫರ್ ಬ್ರಾಂಜ್ ಅಥವಾ ಗನ್‌ಮೆಟಲ್ ಬುಷ್‌ಗೆ 16 ಮಿ.ಮೀ. ಬೋರ್, ಥ್ರೆಡ್ಡಿನ ಆಳ ಒಂದು ಬದಿಗೆ 2.25 ಮಿ.ಮೀ., ಹೊಸ ಸ್ಕ್ರೂವಿಗಾದರೆ ಟೂಲಿನ ತುದಿಯ ಅಗಲ 1.33 ಮಿ.ಮೀ. ಸ್ಕ್ರೂವನ್ನು ಸಣ್ಣಗೆ ಮಾಡಿದ್ದರೆ ಟೂಲಿನ ತುದಿಯೂ ಅಷ್ಟೇ ಕಿರಿದಾಗಬೇಕು. ಈ ಥ್ರೆಡ್ಡಿನ ಓರೆ ಸುಮಾರು 4 ಡಿಗ್ರಿ. ಟೂಲ್ ಮುಂದುವರಿಯುವ ಬದಿಯ ಕ್ಲಿಯರೆನ್ಸ್ ಅದಕ್ಕಿಂತ ಹೆಚ್ಚು, 7–8 ಡಿಗ್ರಿ ಇರದಿದ್ದರೆ ಟೂಲ್ ಕತ್ತರಿಸುವ ಬದಲು ಉಜ್ಜುತ್ತದೆ, ಬೋರಿಂಗ್ ಬಾರ್ ನಡುಗುತ್ತದೆ. ನಟ್ಟಿನ ಉದ್ದ 30ರಿಂದ 40 ಮಿ.ಮೀ. ಇರಲಿ, ನಡುವೆ ಎಣ್ಣೆಯ ತೂತು ಇರಲಿ.

ಹೆಚ್ಚಿನ ಲೇತ್‌ಗಳಲ್ಲಿ ಕ್ರಾಸ್ ಸ್ಲೈಡ್ ಸ್ಕ್ರೂ ಎಡ ಥ್ರೆಡ್. ಚಕ್ ಮುಂದಕ್ಕೇ ತಿರುಗುವಾಗ ಟೂಲ್ ಒಳಗಿನಿಂದ ಹೊರಕ್ಕೆ ಬರಬೇಕು. ಹಾಗಾಗಿ ಬುಷ್‌ನ ಚಕ್ ಕಡೆಗೆ 6 ಮಿ.ಮೀ. ಹೆಚ್ಚು ಉದ್ದ ಬಿಟ್ಟು, ಅಲ್ಲಿ 21 ಮಿ.ಮೀ. ವ್ಯಾಸದ ತೋಡು ತೆಗೆದು, ಟೂಲ್ ಅಲ್ಲಿಂದ ಶುರುವಾಗುವಂತೆ ಮಾಡಿ. ಕೆಲಸ ಮುಗಿದ ಮೇಲೆ ಆ ತುಂಡನ್ನು ಕೊಯ್ದುಬಿಡಿ. ಎಡ ಥ್ರೆಡ್ ಎಂಬುದನ್ನು ಮರೆತು ಬಲ ಥ್ರೆಡ್ ಹಾಕಿದ ಒಳ್ಳೆಯ ಬ್ರಾಂಜ್ ತುಂಡುಗಳು ಎಷ್ಟೋ ಕಸದ ಡಬ್ಬ ಸೇರಿವೆ. ಸ್ಕ್ರೂವನ್ನೇ ಗೇಜ್ ಮಾಡಿಕೊಂಡು ಕೊನೆಯ ಕಟ್‌ಗಳನ್ನು 0.05ರಂತೆ ಕೊಡಿ. ಬೆರಳಿನಲ್ಲಿ ತಿರುಗುವಷ್ಟು ಸಡಿಲ, ಅಲುಗಿಸಿದರೆ ಅಲುಗದಷ್ಟು ಬಿಗಿ, ಅಲ್ಲಿ ನಿಲ್ಲಿಸಬೇಕು.

ಹಳೆಯ ಥ್ರೆಡ್ಡಿನ ಮೇಲೆ ಮತ್ತೆ ಟೂಲ್ ಓಡಿಸುವುದು ಕಲಿಯಲೇಬೇಕಾದ ವಿದ್ಯೆ. ಶಾಫ್ಟಿನ ತುದಿಯ ಎಂ24×3 ಥ್ರೆಡ್ ಬಡಿದು ಚಪ್ಪಟೆಯಾಗಿದೆ ಎನ್ನಿ. ಕೆಟ್ಟಿರುವುದು ಮೊದಲ ಒಂದೆರಡು ಸುತ್ತು ಮಾತ್ರವಾದರೆ ಲೇತೇ ಬೇಡ. ಮುಮ್ಮೂಲೆ ಅರದ ಕೋನವೂ 60 ಡಿಗ್ರಿಯೇ, ಅದರಿಂದಲೇ ತಿದ್ದಬಹುದು. ಅಥವಾ ಒಂದು ನಟ್ಟನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಳಗಿನ ಚೆನ್ನಾಗಿರುವ ಥ್ರೆಡ್ಡಿನ ಮೇಲೆ ಹೋಳುಗಳನ್ನು ಕೂಡಿಸಿ ಹಿಡಿದು ಹೊರಕ್ಕೆ ಬಿಚ್ಚುತ್ತಾ ಬಂದರೆ ಕೆಟ್ಟ ಸುತ್ತು ತಾನಾಗಿ ದಾರಿಗೆ ಬರುತ್ತದೆ. ಕೆಟ್ಟ ತುದಿಯಿಂದಲೇ ಡೈ ಹಾಕಿ ತಿರುಗಿಸಿದರೆ ಅದು ಅಡ್ಡ ಹಿಡಿದು ಉಳಿದದ್ದನ್ನೂ ಕೆಡಿಸುತ್ತದೆ.

ಹೆಚ್ಚು ಕೆಟ್ಟಿದ್ದರೆ ಶಾಫ್ಟನ್ನು ನಾಲ್ಕು ದವಡೆಯ ಚಕ್ಕಿನಲ್ಲಿ ಹಿಡಿದು ಡಯಲಿನಲ್ಲಿ 0.02ರೊಳಗೆ ತನ್ನಿ. ಗೇರ್‌ಬಾಕ್ಸನ್ನು 3 ಮಿ.ಮೀ. ಪಿಚ್‌ಗೆ ಹಾಕಿ. ಕಾಂಪೌಂಡ್ ಸ್ಲೈಡನ್ನು (ಕ್ರಾಸ್ ಸ್ಲೈಡಿನ ಮೇಲಿರುವ ಸಣ್ಣ ಸ್ಲೈಡ್) ಲೇತಿನ ಬೆಡ್‌ಗೆ ಸಮಾನಾಂತರವಾಗಿ ತಿರುಗಿಸಿ, ಟೂಲನ್ನು ಪಕ್ಕಕ್ಕೆ ಸರಿಸಲು ಅದು ಬೇಕು. ಟೂಲ್ ಸೆಂಟರಿನ ಎತ್ತರಕ್ಕೇ ಇರಲಿ, ಸೆಂಟರ್ ಗೇಜಿನಲ್ಲಿ ನೇರ ನೋಡಿ. ಈಗ ಹಾಫ್ ನಟ್ (ಟೂಲನ್ನು ಉದ್ದಕ್ಕೆ ಓಡಿಸುವ ಲೀಡ್ ಸ್ಕ್ರೂವನ್ನು ಹಿಡಿಯುವ ನಟ್) ಹಾಕಿ, ಮೋಟಾರ್ ಬಂದ್ ಇರುವಾಗಲೇ ಚಕ್ಕನ್ನು ಕೈಯಿಂದ ಮುಂದಕ್ಕೆ ಎರಡು ಸುತ್ತು ತಿರುಗಿಸಿ. ಗೇರಿನಲ್ಲಿ, ಲೀಡ್ ಸ್ಕ್ರೂವಿನಲ್ಲಿ ಇರುವ ಸಡಿಲವೆಲ್ಲ ಒಂದು ಬದಿಗೆ ಕೂರಲಿ. ಈ ಹೆಜ್ಜೆ ಬಿಟ್ಟವರ ಟೂಲ್ ಮೋಟಾರ್ ಶುರುವಾದ ಕೂಡಲೇ ಥ್ರೆಡ್ಡಿನ ತಲೆಯ ಮೇಲೆ ಹತ್ತುತ್ತದೆ. ಆಮೇಲೆ ಚೆನ್ನಾಗಿರುವ ಸುತ್ತಿನಲ್ಲಿ ಟೂಲನ್ನು ಇಳಿಸಿ, ಎರಡು ಬದಿಯೂ ಒಂದೇ ಸಮ ತಾಗುವಂತೆ ಕಾಂಪೌಂಡಿನಿಂದ ಸರಿಸಿ, ಡಯಲನ್ನು ಸೊನ್ನೆಗೆ ತನ್ನಿ. ಥ್ರೆಡ್ಡಿಗೆ ಮಾರ್ಕಿಂಗ್ ಬ್ಲೂ ಹಚ್ಚಿ, ಟೂಲನ್ನು ಸ್ವಲ್ಪ ಹಿಂದಿಟ್ಟು 30–50 ಆರ್‌ಪಿಎಂನಲ್ಲಿ ಒಮ್ಮೆ ಬರಿದೇ ಓಡಿಸಿ. ಗೆರೆ ಕಣಿವೆಯ ನಡುವೆಯೇ ಇದ್ದರೆ 0.05ರಂತೆ ಕಟ್ ಕೊಡಿ.

ಹಾಫ್ ನಟ್ ತೆಗೆಯಬಹುದೇ ಎಂಬುದು ಲೀಡ್ ಸ್ಕ್ರೂವಿನ ಮೇಲೆ ನಿಂತಿದೆ. ಅದು 6 ಮಿ.ಮೀ. ಪಿಚ್‌ನದ್ದಾದರೆ 1, 1.5, 2, 3 ಪಿಚ್‌ಗಳಿಗೆ ಎಲ್ಲಿ ಹಾಕಿದರೂ ಸರಿಯಾಗಿ ಕೂರುತ್ತದೆ, 1.25, 1.75, 2.5ಕ್ಕೆ ಕೂರುವುದಿಲ್ಲ. ಇಂಚಿಗೆ 4 ಸುತ್ತಿನ ಲೀಡ್ ಸ್ಕ್ರೂ ಇರುವ ಲೇತಿನಲ್ಲಿ ಮೆಟ್ರಿಕ್ ಥ್ರೆಡ್ ಮಾಡುವಾಗ ಕೆಲಸ ಮುಗಿಯುವವರೆಗೆ ತೆಗೆಯಲೇಬಾರದು, ಟೂಲ್ ಹಿಂದೆಳೆದು ಮೋಟಾರನ್ನು ಉಲ್ಟಾ ಓಡಿಸಿ ವಾಪಸ್ ಬರಬೇಕು. ಚಕ್ ಥ್ರೆಡ್ಡಿನ ಮೇಲೆ ಕೂರುವ ಹಳೆಯ ಲೇತಿನಲ್ಲಿ ಉಲ್ಟಾ ಓಡಿಸುವಾಗ ಎಚ್ಚರ: ಚಕ್ ಬಿಚ್ಚಿಕೊಂಡು ಬರಬಹುದು. ಪೂರ್ತಿ ನಿಂತ ಮೇಲೆ, ಕಡಿಮೆ ವೇಗದಲ್ಲಿ ಮಾತ್ರ. ಕೈಗೆ ಗ್ಲೌಸ್ ಬೇಡ. ತಿರುಗುವ ಥ್ರೆಡ್ಡಿಗೆ ಬೆರಳಿನಿಂದ ಎಮರಿ ಹಿಡಿಯಲೇಬೇಡಿ. ಥ್ರೆಡ್ ಬಟ್ಟೆಯನ್ನೂ ಬೆರಳನ್ನೂ ಸುತ್ತಿಕೊಳ್ಳುತ್ತದೆ.

ಥ್ರೆಡ್ ಪೂರ್ತಿ ಅಳಿಸಿಹೋದ ಉಕ್ಕಿನ ಶಾಫ್ಟಿಗೆ ವೆಲ್ಡ್ ತುಂಬಿಸಬಹುದು, ಬೀಡಿನಂತಲ್ಲ. ಆದರೆ ಇಎನ್‌8ರಲ್ಲಿ ಇಂಗಾಲ ಸುಮಾರು 0.4 ಶೇಕಡಾ ಇರುವುದರಿಂದ ತಣ್ಣಗಿರುವಾಗ ವೆಲ್ಡ್ ಮಾಡಿದರೆ ಅಂಚು ಗಡಸಾಗಿ ಟೂಲಿನ ತುದಿ ಹಾರುತ್ತದೆ. ಮೊದಲು 150–200 ಡಿಗ್ರಿಗೆ ಕಾಯಿಸಿ, ಒಣಗಿಸಿದ 7018 ಎಲೆಕ್ಟ್ರೋಡ್ ಬಳಸಿ, ಶಾಫ್ಟ್ ಬಾಗದಂತೆ ಒಂದು ಸಾಲು ಈ ಬದಿ, ಮುಂದಿನ ಸಾಲು ಎದುರು ಬದಿ ಹಾಕಿ, ಸುಣ್ಣದ ಪುಡಿಯಲ್ಲೋ ಬೂದಿಯಲ್ಲೋ ಹೂತು ನಿಧಾನಕ್ಕೆ ಆರಲು ಬಿಡಿ.

ಲೀಡ್ ಸ್ಕ್ರೂ ಬಗ್ಗೆ ಒಂದು ಮಾತು ಸಾಕು: ಅದನ್ನು ಥ್ರೆಡ್ ಹಾಕಲು ಮಾತ್ರ ಇಡಿ. ಮಾಮೂಲಿ ಟರ್ನಿಂಗಿಗೂ ಹಾಫ್ ನಟ್ ಹಾಕುವ ಅಭ್ಯಾಸದಿಂದ ಚಕ್ಕಿನ ಹತ್ತಿರದ ಒಂದೆರಡು ಅಡಿ ಸವೆಯುತ್ತದೆ, ಮತ್ತೆ ಆ ಲೇತಿನಲ್ಲಿ ಹುಟ್ಟುವ ಪ್ರತಿ ಥ್ರೆಡ್ಡಿನ ಪಿಚ್ಚೂ ತಪ್ಪುತ್ತದೆ. ಹೊಸ ಹಾಫ್ ನಟ್ ಆ ತಪ್ಪನ್ನು ತಿದ್ದಲಾರದು.

ಐಟಿಐಗಳ ಟರ್ನರ್ ಮಕ್ಕಳು ಹೊಸ ಸರಳಿನ ಮೇಲೆ ಥ್ರೆಡ್ ಹಾಕುವುದನ್ನು ಚೆನ್ನಾಗಿಯೇ ಕಲಿತು ಬರುತ್ತಾರೆ. ವರ್ಕ್‌ಶಾಪಿಗೆ ಬಂದ ಮೇಲೆ ಅವರ ಕೈಗೆ ಸಿಗುವುದು ಹಳೆಯ, ಕೆಟ್ಟ ಥ್ರೆಡ್. ಗುಜರಿಯಿಂದ ತಂದ ಶಾಫ್ಟುಗಳ ಮೇಲೆ ಟೂಲ್ ಹೊಂದಿಸುವುದು, ಬೀಡಿನಲ್ಲಿ ಬುಷ್ ಕೂರಿಸುವುದು, ಎಡ ಥ್ರೆಡ್ಡಿನ ನಟ್ ಮಾಡುವುದು, ಈ ಮೂರಕ್ಕೆ ಪ್ರಾಕ್ಟಿಕಲ್ ಅವಧಿಯಲ್ಲಿ ಹೆಚ್ಚು ದಿನ ಕೊಡಬೇಕೆಂದು ಐಟಿಐ ಮತ್ತು ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಪ್ರಾಂಶುಪಾಲರಲ್ಲಿ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇವೆ. ಎಸ್‌ಟಿಐ ಟ್ಯಾಪುಗಳು, ಎಂ14×1.5ರಂಥ ಸಣ್ಣ ಪಿಚ್‌ನ ಟ್ಯಾಪುಗಳು, ಇಂಚು ಮತ್ತು ಮೆಟ್ರಿಕ್ ಎರಡೂ ಇರುವ ಥ್ರೆಡ್ ಗೇಜುಗಳನ್ನು ಒಬ್ಬೊಬ್ಬರೇ ಕೊಳ್ಳುವುದು ಸಣ್ಣವರಿಗೆ ಭಾರ. ಪ್ರತಿ ಕೈಗಾರಿಕಾ ವಸಾಹತುವಿನ ಸಂಘ ಒಂದು ಸೆಟ್ ತಂದಿಟ್ಟು, ರಿಜಿಸ್ಟರಿನಲ್ಲಿ ಬರೆಸಿಕೊಂಡು ದಿನದ ಬಾಡಿಗೆಗೆ ಕೊಡಲಿ. ಟ್ಯಾಪ್ ಮುರಿದವರು ಹೊಸದನ್ನು ತಂದಿಡುವ ಷರತ್ತೂ ಅದರಲ್ಲಿ ಇರಲಿ.

ಇಂತಿ,
ಲೇತ್ ರಿಪೇರಿ ಕೆಲಸದಲ್ಲಿರುವ ನಿಮ್ಮ ಓದುಗರು
ಬೆಂಗಳೂರು